ಕಣ್ಣು ಮುಚ್ಚಿ ಹೇಳಿದ ಮಾತು

ವಿವೇಕದ ಬಗ್ಗೆ ಪಾಠ ಮಾಡಿ ಎಂದರೆ ನಾನು ನಿದ್ದೆಗಣ್ಣಿನಲ್ಲೂ ಮಾಡಬಲ್ಲೆ. ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳ ತರಗತಿ ಇಪ್ಪತ್ತಾರು ವರ್ಷದಿಂದ ನನ್ನದೇ. ವಾರವೆಲ್ಲ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಭಾನುವಾರ ಬಂತೆಂದರೆ ಸತ್ಯವೇದ ಹಿಡಿದು ಹೊರಡುತ್ತಿದ್ದೆ. ಹೈಸ್ಕೂಲಿನವರು ಹಾರ ಹಾಕಿ ಮನೆಗೆ ಕಳಿಸಿದರು. ಚರ್ಚಿನವರು ಇನ್ನೂ ಕಳಿಸಿಲ್ಲ.

ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಸತ್ಯವೇದದಲ್ಲಿ ವಿವೇಕ ಅಂದರೆ ಓದಿ ಪಾಸಾಗುವ ವಿದ್ಯೆಯಲ್ಲ. ದೇವರಿಗೆ ಹೆದರಿ ನಡೆಯುವಲ್ಲಿ ಅದು ಶುರುವಾಗುತ್ತದೆ, ಆಮೇಲೆ ದಿನದ ಸಣ್ಣಪುಟ್ಟ ವಿಷಯಗಳಿಗೆ ಇಳಿಯುತ್ತದೆ. ಎದುರಿಗಿರುವವರ ಮಾತು ಮುಗಿಯುವ ತನಕ ಕೇಳಬೇಕು. ಸಿಟ್ಟು ಬಂದರೆ ತಡೆದುಕೊಳ್ಳಬೇಕು. ನಂಬಿ ಹೇಳಿದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬೇಕು. ಮಾತಾಡುವ ಹೊತ್ತು ಯಾವುದು, ಸುಮ್ಮನಿರುವ ಹೊತ್ತು ಯಾವುದು ಎಂದು ತಿಳಿದಿರಬೇಕು. ಕನಸಿನಲ್ಲಿ ದೇವರು ಬಂದು ಏನು ಬೇಕೋ ಕೇಳು ಎಂದಾಗ ಐಶ್ವರ್ಯ, ಆಯಸ್ಸು ಎಲ್ಲ ಬಿಟ್ಟು ವಿವೇಕವನ್ನೇ ಕೇಳಿದ ರಾಜನ ಕಥೆಯನ್ನು ನಾನು ಶುರು ಮಾಡಿದರೆ, ಬೆಂಚಿನ ಕೆಳಗೆ ಕಾಲು ಆಡಿಸುತ್ತಿರುವ ಮಕ್ಕಳು ಕೂಡ ಸುಮ್ಮನಾಗುತ್ತವೆ.

ಆದರೆ ಒಂದು ಭಾನುವಾರ ಸಿಟ್ಟು ತಡೆಯುವುದರ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿ ಹೊರಗೆ ಬಂದೆ. ಗೇಟಿನ ಹತ್ತಿರ ನಿಂತಿದ್ದ ಆಟೋದವನು, ನಾನು ಚಾಮರಾಜಪೇಟೆ ಎಂದ ತಕ್ಷಣ, ಮುಖ ತಿರುಗಿಸಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಆಟೋ ಯಾಕೆ ಇಟ್ಕೊಂಡಿದೀಯ, ಬರಲ್ಲ ಅಂತ ಬೋರ್ಡು ಹಾಕ್ಕೊಂಡು ಮನೇಲೇ ಮಲಗು ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದೆ. ಹಿಂದೆ ತಿರುಗಿದರೆ ನನ್ನ ತರಗತಿಯ ಒಂಬತ್ತು ಮಕ್ಕಳೂ ಸಾಲಾಗಿ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಯಾವ ಪಾಠದಲ್ಲೂ ಕಂಡಿರಲಿಲ್ಲ. ಮುಂದಿನ ವಾರ ಅದೇ ಪಾಠ ಮುಂದುವರಿಸಬೇಕಾಗಿ ಬಂದಾಗ ನಾನು ಬೇರೆ ಅಧ್ಯಾಯ ತೆಗೆದೆ.

ಇಂಥವುಗಳನ್ನು ನಗುತ್ತಾ ಹೇಳಿಬಿಡಬಹುದು. ನಗುತ್ತಾ ಹೇಳಲಾಗದ ಒಂದು ಇದೆ.

ನನಗೆ ಒಬ್ಬಳೇ ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು. ಮದುವೆಯಾಗಿ ಹನುಮಂತನಗರಕ್ಕೆ ಹೋದಳು. ಮದುವೆ ಬೇಡವೆಂದ ನಾನು ಚಾಮರಾಜಪೇಟೆಯ ಅಪ್ಪನ ಕಾಲದ ಬಾಡಿಗೆ ಮನೆಯಲ್ಲೇ ಉಳಿದೆ. ಅಕ್ಕ ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು, ಮಾತು ಕಡಿಮೆ. ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆಂದರೆ, ನಾನು ಅಷ್ಟರಲ್ಲಿ ಅವಳ ಪರವಾಗಿ ಎರಡು ಉತ್ತರ ಕೊಟ್ಟಿರುತ್ತೇನೆ. ಅವಳು ಸ್ವಲ್ಪ ಮಂದ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಭಾವ ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಚರ್ಚಿನಲ್ಲಿ ಆರಾಧನೆಯ ಹೊತ್ತಿಗೆ ಸತ್ಯವೇದದ ಪಾಠ ಓದುವವರು ಹಲವರಿದ್ದಾರೆ, ಆದರೆ ಭಾವ ಓದಿದರೆ ಮಾತ್ರ ಅರ್ಥವಾಗುತ್ತದೆ ಎಂದು ಮುಂದಿನ ಸಾಲಿನ ಮುದುಕಿಯರು ಹೇಳುತ್ತಿದ್ದರು. ದನಿ ಏರಿಸುತ್ತಿರಲಿಲ್ಲ, ನಾಟಕ ಮಾಡುತ್ತಿರಲಿಲ್ಲ. ಅಲ್ಪವಿರಾಮ ಇದ್ದಲ್ಲಿ ನಿಲ್ಲುತ್ತಿದ್ದರು, ಪೂರ್ಣವಿರಾಮ ಇದ್ದಲ್ಲಿ ಇನ್ನೂ ಸ್ವಲ್ಪ ಹೆಚ್ಚು ನಿಲ್ಲುತ್ತಿದ್ದರು. ಶುಭ ಶುಕ್ರವಾರದ ಮಧ್ಯಾಹ್ನ ಶಿಲುಬೆಯ ಪಾಠ ಪ್ರತಿವರ್ಷ ಅವರದೇ. ಅದಕ್ಕಾಗಿ ಒಂದು ತಿಂಗಳು ಮುಂಚೆಯಿಂದ ಮನೆಯಲ್ಲಿ ಗಟ್ಟಿಯಾಗಿ ಓದಿ ತಯಾರಾಗುತ್ತಿದ್ದರು.

ಈಗ್ಗೆ ಎರಡು ವರ್ಷದ ಮೇಲಾಯಿತು. ಈಸ್ಟರಿಗೆ ಮುಂಚಿನ ನಲವತ್ತು ದಿನದ ಲೆಂಟ್ ಉಪವಾಸ ಶುರುವಾದ ವಾರ ಅಕ್ಕ ಗಾಂಧಿ ಬಜಾರಿಗೆ ಬಾ ಎಂದು ಫೋನ್ ಮಾಡಿದಳು. ತರಕಾರಿ ತೆಗೆದುಕೊಂಡು, ಅಗೆದು ಹಾಕಿದ್ದ ಫುಟ್‌ಪಾತಿನ ಮೇಲೆ ಸರ್ಕಸ್ ಮಾಡಿಕೊಂಡು ಹೋಗಿ ಒಂದು ಹೋಟೆಲಿನಲ್ಲಿ ಕಾಫಿಗೆ ಕೂತೆವು. ಅಕ್ಕ ಲೋಟವನ್ನು ತಿರುಗಿಸುತ್ತಾ ಕೂತಳು.

"ಒಂದು ಮಾತು ಹೇಳ್ತೀನಿ. ಯಾರ ಹತ್ರಾನೂ ಆಡ್ಬೇಡ," ಎಂದಳು. "ಇವರಿಗೆ ಮರೆವು ಶುರುವಾಗಿದೆ ಕಣೆ. ವಯಸ್ಸಾದವರ ಮರೆವಲ್ಲ. ಮೊನ್ನೆ ಹಾಲು ತರೋಕೆ ಹೋದವರು ನಮ್ಮ ಮನೆ ಯಾವ ರೋಡು ಅಂತ ಅಂಗಡಿಯವರನ್ನ ಕೇಳಿದ್ರಂತೆ."

"ಡಾಕ್ಟರಿಗೆ ತೋರಿಸಿದ್ಯಾ?"

"ಅದನ್ನೇ ಹೇಳೋಕೆ..."

"ಇನ್ನೂ ಇಲ್ವಾ? ನಾಳೇನೇ ಕರ್ಕೊಂಡು ಹೋಗು. ಇಂಥದ್ದನ್ನ ಇಟ್ಕೊಂಡು ಕೂತ್ಕೋತಾರಾ ಯಾರಾದ್ರೂ?"

"ಪೂರ್ತಿ ಕೇಳು."

"ಕೇಳೋದೇನಿದೆ ಇದ್ರಲ್ಲಿ?"

ಅಕ್ಕ ತರಕಾರಿ ಚೀಲವನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, "ಈಸ್ಟರ್ ಆಗ್ಲಿ. ಅಲ್ಲೀ ತನಕ ಅವರಿಗೆ ಏನೂ ಗೊತ್ತಾಗೋದು ಬೇಡ. ಶುಭ ಶುಕ್ರವಾರದ ಪಾಠ ಒಂದು ಓದ್ಬಿಡ್ಲಿ," ಎಂದು ಕಾಫಿ ಕುಡಿದು ಎದ್ದಳು.

ಸತ್ಯವೇದದಲ್ಲಿ ಹೆಣ್ಣಿನ ರೂಪದಲ್ಲಿ ಬರುವ ಜ್ಞಾನ ಎಂಬುವಳು ಪೇಟೆ ಬೀದಿಯಲ್ಲಿ ನಿಂತು ಬರುವವರನ್ನೂ ಹೋಗುವವರನ್ನೂ ಕೂಗಿ ಕರೆಯುತ್ತಾಳೆ ಎಂದು ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆ ದಿನ ಗಾಂಧಿ ಬಜಾರಿನಲ್ಲಿ ಅವಳು ಗಂಟಲು ಹರಿದುಕೊಂಡು ಕೂಗಿದ್ದರೂ ನನಗೆ ಕೇಳುತ್ತಿರಲಿಲ್ಲ. ನಾನೇ ಮಾತಾಡುತ್ತಿದ್ದೆನಲ್ಲ. ಬಸ್ಸಿನಲ್ಲಿ ಕೂತ ಮೇಲೂ ಒಳಗೊಳಗೇ ಅಕ್ಕನನ್ನು ಬೈಯುತ್ತಲೇ ಇದ್ದೆ. ಒಂದು ಪಾಠ ಓದುವುದಕ್ಕೋಸ್ಕರ ಕಾಯಿಲೆ ಮುಚ್ಚಿಡುತ್ತಾಳಲ್ಲ, ಇವಳಿಗೆ ಬುದ್ಧಿ ಬೇಡವಾ ಎಂದು.

ಮೂರು ವಾರ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ, ಅದರ ಬಗ್ಗೆ ನನಗೆ ಜಂಬವೂ ಇತ್ತು. ದಿನಾ ಅಕ್ಕನಿಗೆ ಫೋನ್ ಮಾಡಿ ಡಾಕ್ಟರ ವಿಷಯ ಎತ್ತುತ್ತಿದ್ದೆ. "ಆಗ್ಲಿ, ನೋಡೋಣ," ಎಂದು ಅವಳು ಫೋನ್ ಇಡುತ್ತಿದ್ದಳು.

ಇಲ್ಲಿ ನಮ್ಮ ಚರ್ಚಿನ ಸಭೆಯವರ ಒಂದು ಅಭ್ಯಾಸವನ್ನು ಹೇಳಬೇಕು. ಲೆಂಟ್ ದಿನಗಳಲ್ಲಿ ವಾರಕ್ಕೊಂದು ಮನೆಯಲ್ಲಿ ಸಂಜೆ ಪ್ರಾರ್ಥನೆ ಇರುತ್ತದೆ. ಹಾಡು, ಪಾಠ, ಆಮೇಲೆ ಎಲ್ಲರೂ ಕಣ್ಣು ಮುಚ್ಚಿಕೊಂಡಾಗ ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥನೆ ಮಾಡುತ್ತಾರೆ. ಕಣ್ಣು ಬಿಟ್ಟುಕೊಂಡು ಹೇಳಲಾಗದ್ದನ್ನೆಲ್ಲ ಜನ ಆಗ ಹೇಳುತ್ತಾರೆ. ಒಬ್ಬ ಅತ್ತೆ, ಈ ಮನೆಯ ಹೆಣ್ಣುಮಕ್ಕಳು ಬೆಳಿಗ್ಗೆ ಬೇಗ ಏಳುವಂತೆ ಬಲ ಕೊಡು ತಂದೆಯೇ ಎಂದು ಪ್ರಾರ್ಥಿಸಿದ್ದನ್ನು ನಾನೇ ಕೇಳಿದ್ದೇನೆ. ಸೊಸೆ ಪಕ್ಕದಲ್ಲೇ ಕೂತಿದ್ದಳು. ಅವಳ ಪ್ರಾರ್ಥನೆಯ ಸರದಿ ಬಂದಾಗ, ಹಿರಿಯರಿಗೆ ಸಮಾಧಾನದ ಮನಸ್ಸು ಕೊಡು ಎಂದಳು. ಯಾರೂ ತಿರುಗಿ ಮಾತಾಡುವಂತಿಲ್ಲ, ಹೇಳಿದ್ದು ದೇವರಿಗೆ ತಾನೆ. ಈ ಚಾಳಿಯನ್ನು ನಾನು ತರಗತಿಯಲ್ಲಿ ಅಣಕಿಸಿ ಮಕ್ಕಳನ್ನು ನಗಿಸಿದ್ದೂ ಉಂಟು.

ನಾಲ್ಕನೇ ವಾರ ಪ್ರಾರ್ಥನೆ ನಮ್ಮ ಮನೆಯಲ್ಲಿತ್ತು. ಚಾಪೆ ಹಾಸಿ, ಪಕ್ಕದ ಮನೆಯಿಂದ ಕುರ್ಚಿ ತಂದು, ಉಪ್ಪಿಟ್ಟು ಮಾಡಿಟ್ಟಿದ್ದೆ. ಹದಿನಾಲ್ಕು ಜನ ಬಂದಿದ್ದರು. ಅಯ್ಯನವರು, ಅಂದರೆ ನಮ್ಮ ಸಭೆಯ ಪಾಸ್ಟರು, ಎಂದಿನಂತೆ ಪಾಠ ಓದಲು ಭಾವನಿಗೆ ಹೇಳಿದರು. ಭಾವ ಎದ್ದು ನಿಂತು ಚೆನ್ನಾಗಿಯೇ ಶುರು ಮಾಡಿದರು. ನಡುವೆ ಒಂದು ವಾಕ್ಯವನ್ನು ಎರಡು ಸಲ ಓದಿದರು. ಮೂರನೇ ಸಲವೂ ಅದನ್ನೇ ಶುರು ಮಾಡಿ ನಿಂತುಬಿಟ್ಟರು. ಅವರ ಬೆರಳು ಪುಟದ ಮೇಲೆ ಹುಡುಕುತ್ತಿತ್ತು. ಅಕ್ಕ ತಲೆ ಎತ್ತದೆ ಮುಂದಿನ ಪದವನ್ನು ಮೆಲ್ಲಗೆ ಹೇಳಿಕೊಟ್ಟಳು. ಭಾವ ಅದನ್ನು ಹಿಡಿದುಕೊಂಡು ಕೊನೆಯ ತನಕ ಓದಿದರು. ಯಾರೋ, "ಕನ್ನಡಕ ಬದಲಾಯಿಸೋ ಕಾಲ ಬಂತು," ಎಂದರು. ಭಾವನೂ ನಕ್ಕರು. ಅಲ್ಲಿಗೆ ಅದು ಮುಗಿದಿತ್ತು.

ಪ್ರಾರ್ಥನೆ ನನ್ನ ಸರದಿಗೆ ಬಂತು. ಮಳೆಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ, ಸಭೆಗೆ ಎಂದು ಎಲ್ಲ ಹೇಳಿದೆ. ಅಲ್ಲಿಗೆ ಆಮೆನ್ ಎನ್ನಬೇಕಿತ್ತು. ಎನ್ನಲಿಲ್ಲ. ಮೂರು ವಾರ ಒಳಗೆ ಕುದಿಯುತ್ತಿದ್ದದ್ದು ನಾಲಿಗೆಗೆ ಬಂತು.

"ಕರ್ತನೇ, ನಮ್ಮ ಭಾವನವರ ಜ್ಞಾಪಕಶಕ್ತಿ ದಿನೇ ದಿನೇ ಕುಂದುತ್ತಿರುವುದು ನಿನಗೆ ಗೊತ್ತಿದೆ. ಮನೆಯ ದಾರಿಯನ್ನೇ ಮರೆಯುತ್ತಿರುವ ನಿನ್ನ ಮಗನನ್ನು ಕನಿಕರಿಸು. ಇದನ್ನು ಮುಚ್ಚಿಟ್ಟುಕೊಂಡು ಕಾಲ ಕಳೆಯದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗುವ ವಿವೇಕವನ್ನು ನಮ್ಮ ಅಕ್ಕನಿಗೆ ದಯಪಾಲಿಸು."

ಬಾಯಿತಪ್ಪಿ ಬಂತು ಎಂದು ಆಮೇಲೆ ಕೆಲವರ ಹತ್ತಿರ ಹೇಳಿಕೊಂಡಿದ್ದೇನೆ. ಸುಳ್ಳು. ಹೇಳುವಾಗ ನಾನು ಏನು ಮಾಡುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನಿಗೆ ಎದುರು ಮಾತಾಡಲು ಆಗದ ಜಾಗದಲ್ಲಿ ಅವಳನ್ನು ಸಿಕ್ಕಿಸಿದ್ದೆ, ವಿವೇಕ ಎಂಬ ಪದವನ್ನೇ ಬಳಸಿ.

ಕಣ್ಣು ಬಿಟ್ಟಾಗ ಭಾವ ಅಕ್ಕನ ಮುಖ ನೋಡುತ್ತಿದ್ದರು. ಅಕ್ಕ ನೆಲ ನೋಡುತ್ತಿದ್ದಳು. ಉಳಿದವರು ಹಾಡಿನ ಪುಸ್ತಕದೊಳಗೆ ತಲೆ ಹಾಕಿಕೊಂಡಿದ್ದರು. ನಾನು ಉಪ್ಪಿಟ್ಟು ಹಂಚಿದೆ. "ಚೆನ್ನಾಗಿದೆಯಮ್ಮ," ಎಂದರು ಭಾವ, ಎರಡೇ ಚಮಚ ತಿಂದು. ಅವರಿಬ್ಬರೂ ಹೊರಟಾಗ ನಾನು ಬಾಗಿಲ ತನಕ ಹೋದೆ. ಮೆಟ್ಟಿಲಿಳಿಯುತ್ತಾ ಭಾವ ಅಕ್ಕನನ್ನು ಕೇಳಿದ್ದು ನನಗೆ ಕೇಳಿಸಿತು.

"ಎಲ್ಲರಿಗೂ ಗೊತ್ತಾ?"

ಅಕ್ಕ ಏನು ಹೇಳಿದಳೋ ಗೊತ್ತಿಲ್ಲ.

ಮಾರನೆಯ ದಿನ ಬೆಳಿಗ್ಗೆಯಿಂದಲೇ ಸಭೆಯ ಹೆಂಗಸರ ಫೋನುಗಳು. ನಿಮ್ಮ ಭಾವನ ವಿಷಯಕ್ಕೆ ಉಪವಾಸ ಮಾಡ್ತಿದೀವಿ, ಧೈರ್ಯವಾಗಿರಿ, ನನ್ನ ದೊಡ್ಡಪ್ಪನಿಗೂ ಹೀಗೇ ಆಗಿತ್ತು, ಕೊನೆಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಜನ ಭಾವನ ಹತ್ತಿರ ಬಂದು, ಕಿವಿ ಕೇಳದವರೊಂದಿಗೆ ಮಾತಾಡುವಂತೆ, ಒಂದೊಂದೇ ಪದವನ್ನು ಗಟ್ಟಿಯಾಗಿ ಹೇಳತೊಡಗಿದರು. "ನಾನು ಯಾರು ಹೇಳಿ ನೋಡೋಣ?" ಎಂದು ಕೇಳಿದವರೂ ಇದ್ದರು. ಭಾವ ಹೆಸರು ಹೇಳಿದರು, ಆ ಮನುಷ್ಯನ ಮನೆ ಇರುವ ಅಡ್ಡರಸ್ತೆಯನ್ನೂ ಸೇರಿಸಿ ಹೇಳಿದರು. ಆರಾಧನೆ ಮುಗಿದ ಮೇಲೆ ಅಯ್ಯನವರ ಹತ್ತಿರ ಹೋಗಿ, ಇನ್ನು ಮೇಲೆ ಪಾಠಕ್ಕೆ ನನ್ನನ್ನು ಹಾಕಬೇಡಿ ಎಂದು ಹೇಳಿಬಂದರು. ನಾನು ಅಲ್ಲೇ ನಿಂತಿದ್ದೆ.

ಅಕ್ಕ ನನ್ನ ಫೋನ್ ಎತ್ತಲಿಲ್ಲ. ಹನುಮಂತನಗರಕ್ಕೆ ಹೋದೆ. ಭಾವ ಒಳಗೆ ಮಲಗಿದ್ದರು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಕ್ಕನ ಮುಂದೆ ಕೂತು ಕ್ಷಮೆ ಕೇಳಬೇಕೆಂದು ಹೋದವಳು, ಬಾಯಿ ತೆರೆದಾಗ ಹೇಳಿದ್ದೇನು ಗೊತ್ತೆ?

"ನಾನು ಒಳ್ಳೇದಕ್ಕೇ ಹೇಳಿದ್ದು."

ಅಕ್ಕ ಕೆಲಸ ನಿಲ್ಲಿಸಲಿಲ್ಲ. "ನಾನೊಬ್ಬಳೇ ಹೋಗಿ ಡಾಕ್ಟರನ್ನ ಕಂಡು ಬಂದಿದ್ದೆ," ಎಂದಳು. "ಈಸ್ಟರ್ ಆದ್ಮೇಲೆ ಬುಧವಾರಕ್ಕೆ ಟೈಮ್ ಕೊಟ್ಟಿದ್ರು. ಒಂದೂವರೆ ತಿಂಗಳು ತಡವಾದ್ರೆ ಏನೂ ಆಗಲ್ಲ, ಹೆದರಿಸ್ದೆ ಕರ್ಕೊಂಡು ಬನ್ನಿ ಅಂದ್ರು. ಅವತ್ತು ಹೋಟ್ಲಲ್ಲಿ ಅದನ್ನೇ ಹೇಳೋಕೆ ಬಂದೆ."

"ಹೇಳ್ಬಾರ್ದಿತ್ತಾ ಮತ್ತೆ?"

"ನೀನೆಲ್ಲಿ ಬಿಟ್ಟೆ ಹೇಳೋಕೆ." ಇನ್ನೊಂದು ಕಟ್ಟು ಸೊಪ್ಪು ಎತ್ತಿಕೊಂಡು ಹೇಳಿದಳು. "ಮೂವತ್ತೆಂಟು ವರ್ಷ ಜೊತೇಲಿದೀನಿ. ಆ ಮಾತನ್ನ ನಾನು ಹೇಳ್ಬೇಕಾಗಿತ್ತು, ಪಕ್ಕದಲ್ಲಿ ಕೂತ್ಕೊಂಡು. ನೀನು ಹದಿನಾಲ್ಕು ಜನದ ಮುಂದೆ ಹೇಳ್ದೆ. ದೇವರಿಗೆ ಹೇಳ್ದೆ ಅಂತ ಮಾತ್ರ ಅನ್ಬೇಡ. ದೇವರನ್ನ ಅಡ್ಡ ಇಟ್ಕೊಂಡು ನನಗೆ ಹೇಳ್ದೆ."

ಒಂದು ಸಲವಾದರೂ ಕೂಗಾಡಿದ್ದರೆ ನಾನೂ ಕೂಗಾಡಿ, ಅತ್ತು, ಹೇಗೋ ಒಂದು ದಡ ಸೇರಬಹುದಿತ್ತು. ಅವಳು, "ಊಟ ಮಾಡ್ಕೊಂಡು ಹೋಗು," ಎಂದಳು. ಸೊಪ್ಪಿನ ಸಾರು, ಅನ್ನ. ತಲೆ ತಗ್ಗಿಸಿ ಉಂಡು ಬಂದೆ.

ಆ ವರ್ಷ ಶುಭ ಶುಕ್ರವಾರದ ಪಾಠವನ್ನು ಬೇರೊಬ್ಬರು ಓದಿದರು. ಅವಸರದಲ್ಲಿ, ಬಸ್ಸಿಗೆ ಹೊತ್ತಾಯಿತು ಎನ್ನುವವರ ಹಾಗೆ. ಮೂರನೇ ಸಾಲಿನಲ್ಲಿ ಕೂತಿದ್ದ ಭಾವ ಪುಸ್ತಕ ತೆರೆದಿಟ್ಟುಕೊಂಡು ಪ್ರತಿ ಪದದ ಮೇಲೂ ಬೆರಳಾಡಿಸುತ್ತಿದ್ದರು. ಒಂದು ಕಡೆಯೂ ತಪ್ಪಲಿಲ್ಲ. ಅಕ್ಕ ಕೇಳಿಕೊಂಡದ್ದು ಈ ಒಂದು ಮಧ್ಯಾಹ್ನವನ್ನು ಮಾತ್ರ. ಅದನ್ನೂ ನಾನು ಬಿಡಲಿಲ್ಲ.

ಸಂಡೇ ಸ್ಕೂಲು ಬಿಡುತ್ತೇನೆ, ವಿವೇಕದ ಪಾಠ ಮಾಡುವ ಯೋಗ್ಯತೆ ನನಗಿಲ್ಲ ಎಂದು ಅಯ್ಯನವರಿಗೆ ಹೇಳಿದೆ. ಅವರು ಏನೋ ದೊಡ್ಡ ಮಾತು ಹೇಳುತ್ತಾರೆಂದು ಕಾದೆ. "ಬೇರೆ ಯಾರೂ ಸಿಗ್ತಿಲ್ಲಮ್ಮ," ಎಂದರು. ಹಾಗಾಗಿ ಈಗಲೂ ಮಾಡುತ್ತಿದ್ದೇನೆ. ರಾಜನ ಕಥೆ ಬಂದಾಗ ಮೊದಲಿನ ಉತ್ಸಾಹವಿಲ್ಲ. ಅವನಿಗೇನು, ಒಂದು ಸಲ ಕೇಳಿದ, ಬೆಳಗಾಗುವುದರಲ್ಲಿ ಸಿಕ್ಕಿತು. ಸಿಕ್ಕಿದ್ದನ್ನಾದರೂ ಮುದುಕನಾಗುವ ತನಕ ಉಳಿಸಿಕೊಂಡನೇ ಎಂದರೆ ಅದೂ ಇಲ್ಲ. ನಾನು ದಿನಾ ಬೆಳಿಗ್ಗೆ ಕೇಳುತ್ತೇನೆ. ಕೇಳಿ ಎದ್ದು ಹಾಲಿನವನ ಜೊತೆ ಜಗಳವಾಡುತ್ತೇನೆ. ಮಾತಾಡುವ ಮೊದಲು ಯೋಚಿಸು ಎಂಬುದನ್ನು ಎಷ್ಟು ಬಗೆಯಲ್ಲಿ ಬರೆದಿಟ್ಟಿದ್ದಾರೆ! ಆಡಿಯಾದ ಮೇಲೆ ಏನು ಮಾಡಬೇಕು ಎಂಬುದನ್ನು ನನ್ನಂಥವಳಿಗೆ ಅರ್ಥವಾಗುವಂತೆ ಯಾಕೆ ಬರೆದಿಲ್ಲ? ಈ ಪ್ರಶ್ನೆಯನ್ನು ನಾನು ದೇವರಿಗೇ ಕೇಳಿದ್ದೇನೆ, ಸಿಟ್ಟಿನಿಂದಲೇ ಕೇಳಿದ್ದೇನೆ.

ನಾಲ್ಕೈದು ತಿಂಗಳಾದ ಮೇಲೆ ಅಕ್ಕನೇ ಫೋನ್ ಮಾಡಿದಳು. ಮಂಗಳವಾರ ಬೆಳಿಗ್ಗೆ ಬ್ಯಾಂಕು, ಮಾರ್ಕೆಟ್ಟು ಎಂದು ಎರಡು ಮೂರು ಗಂಟೆ ಹೊರಗೆ ಹೋಗಬೇಕು, ಭಾವನೊಬ್ಬರನ್ನೇ ಬಿಡುವ ಹಾಗಿಲ್ಲ, ಬರ್ತೀಯಾ ಎಂದು. ಬರ್ತೀನಿ ಎಂದೆ. ಅಂದಿನಿಂದ ಮಂಗಳವಾರ ನನ್ನದು. ಅಕ್ಕ ನನ್ನನ್ನು ಕ್ಷಮಿಸಿದಳೋ, ಬೇರೆ ಯಾರೂ ಸಿಗಲಿಲ್ಲವೋ, ನಾನು ಕೇಳಿಲ್ಲ.

ಭಾವನ ಹತ್ತಿರ ಕ್ಷಮೆ ಕೇಳುವುದೊಂದು ಉಳಿದಿತ್ತು. ಮೊದಮೊದಲು ಹೆದರಿಕೆ. ಆಮೇಲೆ, ಈ ಸಲವಾದರೂ ಸರಿಯಾದ ಹೊತ್ತು ನೋಡಿ ಮಾತಾಡೋಣ ಎಂಬ ಹೊಸ ವಿವೇಕ. ಇವತ್ತು ಅವರಿಗೆ ಸುಸ್ತು, ಇವತ್ತು ಅವರು ಖುಷಿಯಾಗಿದ್ದಾರೆ, ಯಾಕೆ ಕೆಡಿಸಲಿ ಎಂದು ಒಂದು ವರ್ಷ ತಳ್ಳಿದೆ. ಜೀವಮಾನದಲ್ಲಿ ನಾನು ಮಾತನ್ನು ಮುಂದೂಡಿದ್ದು ಅದೊಂದೇ, ಅದೂ ಆಡಲೇಬೇಕಾಗಿದ್ದ ಮಾತನ್ನು.

ಕೊನೆಗೆ ಅವರೆಕಾಯಿ ಕಾಲದ ಒಂದು ಮಂಗಳವಾರ ಗಟ್ಟಿ ಮನಸ್ಸು ಮಾಡಿದೆ. ಬಸ್ಸಿನಲ್ಲಿ ಕೂತು ಮಾತುಗಳನ್ನು ಜೋಡಿಸಿಕೊಂಡೆ. ಭಾವ, ಅವತ್ತು ನಮ್ಮ ಮನೆ ಪ್ರಾರ್ಥನೆಯಲ್ಲಿ ನಾನು ಮಾಡಿದ್ದು ತಪ್ಪು, ನಿಮಗೂ ಅಕ್ಕನಿಗೂ ಅವಮಾನ ಮಾಡಿದೆ, ಕ್ಷಮಿಸಿ. ಇಷ್ಟೇ. ಸಮರ್ಥನೆ ಒಂದೂ ಬೇಡ ಎಂದು ನಿರ್ಧರಿಸಿದ್ದೆ.

ಅಕ್ಕ ಬ್ಯಾಗು ಹಿಡಿದು ಹೊರಟಳು. ಭಾವ ವರಾಂಡದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ತೆಗೆದುಕೊಂಡೆ. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಭಾವ ಗೇಟಿನ ಕಡೆ ನೋಡಿದರು. ಅಕ್ಕ ತಿರುವಿನಲ್ಲಿ ಮರೆಯಾಗುವ ತನಕ ಕಾದರು. ಆಮೇಲೆ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿದರು.

"ನಿನಗೊಂದು ವಿಷಯ ಹೇಳ್ಬೇಕಮ್ಮ. ಈಚೆಗೆ ನನಗೆ ಮರೆವು ಜಾಸ್ತಿಯಾಗಿದೆ. ಇನ್ನೂ ಯಾರಿಗೂ ಗೊತ್ತಿಲ್ಲ. ನಿಮ್ಮಕ್ಕನಿಗಂತೂ ಗೊತ್ತಾಗ್ಲೇಬಾರ್ದು, ಅವಳು ತಡ್ಕೊಳಲ್ಲ."

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಆ ಸಂಜೆ ಅವರ ತಲೆಯಲ್ಲಿ ಇರಲೇ ಇಲ್ಲ. ಚಾಪೆ, ಉಪ್ಪಿಟ್ಟು, ಮೆಟ್ಟಿಲ ಮೇಲೆ ಕೇಳಿದ ಪ್ರಶ್ನೆ, ಯಾವುದೂ ಇರಲಿಲ್ಲ. ನಾನೀಗ ಕ್ಷಮೆ ಕೇಳಿದರೆ ಯಾವುದಕ್ಕೆ ಎಂದು ಹೇಳಬೇಕು. ಹೇಳಿದರೆ, ಎಲ್ಲರಿಗೂ ಗೊತ್ತು ಎಂಬುದನ್ನು ಅವರು ಹೊಸದಾಗಿ ಕೇಳಬೇಕು. ಅದೇ ಮಾತು, ಅದೇ ಬಾಯಿಂದ, ಎರಡನೇ ಸಲ.

"ಹೇಳಲ್ಲ ಭಾವ," ಎಂದೆ.

"ಗೊತ್ತಮ್ಮ," ಎಂದರು. ಮುಖ ಹಗುರವಾಯಿತು. "ನೀನು ಬಾಯಿ ಬಿಡೋಳಲ್ಲ. ಅದಕ್ಕೇ ನಿನಗೇ ಹೇಳ್ದೆ."

ಮುಂದಿನ ಮಂಗಳವಾರವೂ ಗೇಟಿನ ಕಡೆ ನೋಡಿ, ಅಕ್ಕ ಮರೆಯಾಗುವ ತನಕ ಕಾದು, ಹಾಗೇ ಬಗ್ಗಿ ಹೇಳಿದರು. ಅದರ ಮುಂದಿನ ಮಂಗಳವಾರವೂ ಹೇಳಿದರು. ಈಗ ನಾನು ನಡುವೆ ಬಾಯಿ ಹಾಕುವುದಿಲ್ಲ. ಅವರ ಮಾತು ಪೂರ್ತಿ ಮುಗಿಯುವ ತನಕ ಕೇಳುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡುತ್ತೇನೆ, ಅವರು ನನ್ನನ್ನು ನಂಬುತ್ತಾರೆ.